ಮೊದಲ ವಾರದ ಎರಡು ಕೆಜಿ

ಅಕ್ಕ ಫೋನ್ ಮಾಡಿದ್ದು ಎಂಟನೇ ದಿನ ಬೆಳಗ್ಗೆ. "ಎರಡು ಕೆಜಿ ಇಳಿದಿದೆ ಗೊತ್ತಾ!" ಧ್ವನಿಯಲ್ಲಿ ಹಬ್ಬದ ಸಡಗರ. ಒಂದು ವಾರದಿಂದ ಅವಳು ಅನ್ನ ಮುಟ್ಟಿರಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಜೀರಿಗೆ ನೀರು, ಮಧ್ಯಾಹ್ನ ಸೊಪ್ಪಿನ ಪಲ್ಯ, ರಾತ್ರಿ ಒಂದು ಬಟ್ಟಲು ಪಪಾಯ. 72 ಇದ್ದದ್ದು 70ಕ್ಕೆ ಬಂದಿತ್ತು. ಜೀರಿಗೆ ನೀರಿನ ಮಹಿಮೆ ಅಂತ ಮನೆಯವರ ಗ್ರೂಪಿನಲ್ಲಿ ತೂಕದ ಮೆಷಿನ್‌ನ ಫೋಟೋ ಸಮೇತ ಹಾಕಿದಳು. ಚಿಕ್ಕಮ್ಮ, ಅತ್ತಿಗೆ ಎಲ್ಲರೂ ಮಾರನೇ ದಿನದಿಂದಲೇ ಜೀರಿಗೆ ನೆನೆಹಾಕಿದರು.

ಮೂರು ತಿಂಗಳು ಕಳೆದರೂ ಇನ್ನೊಂದು ಫೋಟೋ ಬರಲಿಲ್ಲ. ನಾನೇ ಕೇಳಿದೆ. 73 ಆಗಿತ್ತು. "ನನ್ನದೇ ತಪ್ಪು. ನನಗೆ ನಾಲಿಗೆ ಮೇಲೆ ಹಿಡಿತ ಇಲ್ಲ" ಅಂದಳು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಯಾಕೆಂದರೆ ತಪ್ಪು ಅವಳದ್ದಲ್ಲ. ಮೊದಲ ವಾರ ಇಳಿದ ಆ ಎರಡು ಕೆಜಿಯಲ್ಲಿ ಕೊಬ್ಬು ಇದ್ದದ್ದೇ ಸ್ವಲ್ಪ.

ಲೆಕ್ಕ ಹಾಕಿ ನೋಡೋಣ. ನಾವು ತಿಂದ ಅನ್ನ, ಮುದ್ದೆ, ರೊಟ್ಟಿಯ ಒಂದು ಪಾಲನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಕೂಡಿಡುತ್ತದೆ. ದಿನದ ಖರ್ಚಿಗೆ ಅಂತ ಡಬ್ಬಿಯಲ್ಲಿ ಇಡುವ ಚಿಲ್ಲರೆ ದುಡ್ಡಿನ ಹಾಗೆ. ದೊಡ್ಡವರಲ್ಲಿ ಇದು ಸುಮಾರು ಅರ್ಧ ಕೆಜಿ ಇರುತ್ತದೆ. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನೂ ಹಿಡಿದುಕೊಂಡಿರುತ್ತದೆ. ಅನ್ನ ಬಿಟ್ಟ ಎರಡು ಮೂರು ದಿನಕ್ಕೆ ಈ ಡಬ್ಬಿ ಖಾಲಿಯಾಗುತ್ತಾ ಬರುತ್ತದೆ, ಜೊತೆಗಿದ್ದ ನೀರು ಮೂತ್ರದಲ್ಲಿ ಹೋಗುತ್ತದೆ. ಪೂರ್ತಿ ಖಾಲಿಯಾದರೆ ಅರ್ಧ ಕೆಜಿ ಅದು, ಒಂದೂವರೆ ಕೆಜಿ ನೀರು. ಒಟ್ಟು ಎರಡು. ಒಂದೆರಡು ದಿನ ಹೊಟ್ಟೆ ತುಂಬ ಅನ್ನ ಊಟ ಮಾಡಿದರೆ ಡಬ್ಬಿ ಮತ್ತೆ ತುಂಬುತ್ತದೆ, ಮುಳ್ಳು ಮತ್ತೆ ಮೇಲೆ.

ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 1,800 ಕ್ಯಾಲೊರಿ ಖರ್ಚು ಮಾಡುವ ಹೆಂಗಸು ಏಳು ದಿನ ಒಂದು ತುತ್ತೂ ತಿನ್ನದೆ ಇದ್ದರೂ ಲೆಕ್ಕಕ್ಕೆ ಬರುವುದು 12,600. ಅಂದರೆ ಒಂದೂವರೆ ಕೆಜಿ ಕೊಬ್ಬಿಗಿಂತ ಸ್ವಲ್ಪ ಜಾಸ್ತಿ. ಪೂರ್ತಿ ಉಪವಾಸಕ್ಕೇ ಇಷ್ಟಾದರೆ, ಬರೀ ಅನ್ನ ಬಿಟ್ಟು ವಾರಕ್ಕೆ ಎರಡು ಕೆಜಿ ಕೊಬ್ಬು ಕರಗಿತು ಅನ್ನುವುದು ಹೇಗೆ ಸಾಧ್ಯ?

ತೂಕದ ಬಗ್ಗೆ ನಾವು ನಂಬಿರುವ ಎಷ್ಟೋ ಮಾತುಗಳು ಬದುಕಿರುವುದೇ ಈ ಮೊದಲ ವಾರದ ಮೇಲೆ. ಜೀರಿಗೆ ನೀರಾಗಲಿ, ಸೂಪ್ ಆಗಲಿ, ಏಳು ದಿನದ ಹಣ್ಣಿನ ಪಥ್ಯವಾಗಲಿ, ಯಾವುದು ಮಾಡಿದರೂ ಮೊದಲ ವಾರ ಮುಳ್ಳು ಇಳಿಯುತ್ತದೆ. ಕಣ್ಣಾರೆ ಕಂಡ ಸಾಕ್ಷಿಯನ್ನು ಯಾರು ನಂಬುವುದಿಲ್ಲ ಹೇಳಿ? ಇಳಿದ ಕ್ರೆಡಿಟ್ ಜೀರಿಗೆಗೆ ಹೋಗುತ್ತದೆ. ಮತ್ತೆ ಏರಿದಾಗ ಬೈಗುಳ ಮಾತ್ರ ಅಕ್ಕನಂಥವರಿಗೆ.

ಈ ವಿಷಯವನ್ನು ಹಗುರವಾಗಿ ಬಿಡುವ ಹಾಗಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 23 ಜನರ ತೂಕ ಹೆಚ್ಚಿತ್ತು. 2019-21ರ ಹೊತ್ತಿಗೆ ಅದು 30 ಆಯಿತು. ಗಂಡಸರದ್ದೂ ಹೆಚ್ಚು ಕಡಿಮೆ ಅದೇ ಕಥೆ. 2023ರಲ್ಲಿ ಬಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆಯ ವರದಿ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಾಜಿಸಿತು. ದೊಡ್ಡವರಲ್ಲಿ ನೂರಕ್ಕೆ ಸುಮಾರು 40 ಜನರಿಗೆ ಹೊಟ್ಟೆಯ ಬೊಜ್ಜು ಇದೆ ಅಂತಲೂ ಹೇಳಿತು. ಇಷ್ಟು ಜನ ದಾರಿ ಹುಡುಕುತ್ತಿರುವಾಗ ತಪ್ಪು ದಾರಿ ತೋರಿಸುವವರಿಗೆ ಒಳ್ಳೆ ವ್ಯಾಪಾರ.

ನಮ್ಮ ಕಡೆ ಮೊದಲ ಆರೋಪಿ ಅನ್ನ. "ರಾತ್ರಿ ಅನ್ನ ಬಿಡಿ, ಚಪಾತಿ ತಿನ್ನಿ" ಎಂಬ ಮಾತು ಕೇಳದ ಮನೆ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳನ್ನು ಪರೀಕ್ಷಿಸಿ ಪಟ್ಟಿ ಮಾಡಿದೆ. ಅದರಲ್ಲಿ 100 ಗ್ರಾಂ ಅಕ್ಕಿಗೆ ಸುಮಾರು 356 ಕ್ಯಾಲೊರಿ. ಗೋಧಿ ಹಿಟ್ಟಿಗೆ 320, ರಾಗಿಗೂ 320. ವ್ಯತ್ಯಾಸ ಇಷ್ಟೇ. ಇನ್ನು ತಟ್ಟೆಗೆ ಬರೋಣ. 75 ಗ್ರಾಂ ಅಕ್ಕಿ ಬೇಯಿಸಿದರೆ ತಟ್ಟೆ ತುಂಬ ಅನ್ನ, 270 ಕ್ಯಾಲೊರಿ. ಮೂರು ಚಪಾತಿಗೆ 90 ಗ್ರಾಂ ಹಿಟ್ಟು, ಒಂದೊಂದಕ್ಕೂ ಒಂದು ಚಮಚ ಎಣ್ಣೆ. 400 ದಾಟುತ್ತದೆ. ಅನ್ನ ಬಿಟ್ಟು ಚಪಾತಿಗೆ ಹೋದವರು ಎಷ್ಟೋ ಸಲ ಜಾಸ್ತಿಯೇ ತಿಂದಿರುತ್ತಾರೆ.

ರಾಗಿಯ ವಿಷಯದಲ್ಲಿ ಒಂದು ನಿಜ ಇದೆ. ಅದರಲ್ಲಿ ನಾರು ಬಹಳ, 100 ಗ್ರಾಂಗೆ ಸುಮಾರು 11 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದ್ದರಿಂದ ಮುದ್ದೆ ತಿಂದರೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಮುದ್ದೆ ಗಾತ್ರಕ್ಕೆ ಲೆಕ್ಕವೇ ಇಲ್ಲ ಅಂದುಕೊಂಡರೆ ಕಷ್ಟ. ಹೊಲದಲ್ಲಿ ಇಡೀ ದಿನ ಗೇಯುವವರ ಮುದ್ದೆ ಬೇರೆ, ಎಂಟು ಗಂಟೆ ಕುರ್ಚಿಯಲ್ಲಿ ಕೂರುವವರ ಮುದ್ದೆ ಬೇರೆ.

ಅನ್ನವೋ ಚಪಾತಿಯೋ ಎಂಬ ಈ ಜಗಳದಲ್ಲಿ ನಿಜವಾದ ತೊಂದರೆ ಮುಚ್ಚಿ ಹೋಗುತ್ತದೆ. 2025ರಲ್ಲಿ ಬಂದ ಇಂಡಿಯಾಬ್‌ನ ಇನ್ನೊಂದು ಅಧ್ಯಯನದ ಪ್ರಕಾರ ಭಾರತೀಯರ ಕ್ಯಾಲೊರಿಯಲ್ಲಿ ನೂರಕ್ಕೆ 62 ಪಾಲು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ. ಪ್ರೋಟೀನ್‌ನಿಂದ ಬರುವುದು ಬರೀ 12. ಇದನ್ನು ಓದಿದ ದಿನ ನಾನು ಅಡುಗೆಮನೆಗೆ ಹೋಗಿ ಸಾರಿಗೆ ಹಾಕುವ ತೊಗರಿಬೇಳೆಯನ್ನು ತೂಕ ಮಾಡಿದೆ. ದಿನಾ ಹಾಕುವ ಅದೇ ಸ್ಟೀಲ್ ಲೋಟ. ಸರಿಯಾಗಿ 100 ಗ್ರಾಂ ಬಂತು. ತಿನ್ನುವವರು ನಾಲ್ಕು ಜನ. ಒಬ್ಬರಿಗೆ 25 ಗ್ರಾಂ ಬೇಳೆ, ಅದರಲ್ಲಿ ಪ್ರೋಟೀನ್ ಐದಾರು ಗ್ರಾಂ. ಪೋಷಣಾ ಸಂಸ್ಥೆ 2024ರಲ್ಲಿ ಹೇಳಿರುವ ತಟ್ಟೆಯಲ್ಲಿ ಬೇಳೆಕಾಳಿಗೆ ದಿನಕ್ಕೆ 85 ಗ್ರಾಂ, ತರಕಾರಿಗೆ 400 ಗ್ರಾಂ, ಎಣ್ಣೆಗೆ 27 ಗ್ರಾಂ. "ಮನೇಲಿ ದಿನಾ ಬೇಳೆ ಸಾರು ಮಾಡ್ತೀವಲ್ಲ" ಅಂತ ನಾನು ಇಷ್ಟು ವರ್ಷ ನೆಮ್ಮದಿಯಾಗಿದ್ದೆ. ನಾವು ತಿನ್ನುತ್ತಿದ್ದದ್ದು ಬೇಳೆಯ ಕಟ್ಟು ಹಾಕಿದ ಅನ್ನ. ಅಷ್ಟು ಬೇಗ ಯಾಕೆ ಹಸಿವಾಗುತ್ತಿತ್ತು ಅಂತ ಅವತ್ತು ಅರ್ಥವಾಯಿತು. ಪ್ರೋಟೀನ್ ಮತ್ತು ನಾರು ಇಲ್ಲದ ಊಟ ಬೇಗ ಜೀರ್ಣವಾಗುತ್ತದೆ. ನಾಲ್ಕು ಗಂಟೆಗೆ ಕೈ ತಾನಾಗಿ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತದೆ.

ಬಿಸ್ಕತ್ತಿನ ಮಾತು ಬಂತಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ 2019ರಲ್ಲಿ ಒಂದು ಪ್ರಯೋಗ ಮಾಡಿದರು. 20 ಜನರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಎರಡು ವಾರ ಫ್ಯಾಕ್ಟರಿಯಲ್ಲಿ ತಯಾರಾದ ಪ್ಯಾಕೆಟ್ ಆಹಾರ, ಎರಡು ವಾರ ತಾಜಾ ಅಡುಗೆ ಕೊಟ್ಟರು. ಬಡಿಸಿದ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡೂ ಕಡೆ ಸಮ. ಬೇಕಾದಷ್ಟು ತಿನ್ನಿ ಅಂದರು. ಪ್ಯಾಕೆಟ್ ಆಹಾರದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ತೂಕ ಸುಮಾರು ಒಂದು ಕೆಜಿ ಏರಿತು. ತಾಜಾ ಅಡುಗೆಯಲ್ಲಿ ಅಷ್ಟೇ ಇಳಿಯಿತು. ಎರಡೂ ಕಡೆ ಇದ್ದವರು ಅದೇ ಜನ. ಇದನ್ನು ಅಕ್ಕನಿಗೆ ನಾಲ್ಕು ಸಲ ಹೇಳಿದ್ದೇನೆ.

ಈಗ ಕೊಬ್ಬು ಕರಗಿಸುವ ಪಾನೀಯಗಳು. ಜೀರಿಗೆ ನೀರು ಕುಡಿದರೆ ಕೆಟ್ಟದ್ದಾಗುವುದಿಲ್ಲ, ಕೊಬ್ಬು ಕರಗುವುದೂ ಇಲ್ಲ. ನಿಂಬೆ ನೀರಿಗೆ ಒಂದು ದೊಡ್ಡ ಚಮಚ ಜೇನು ಹಾಕಿದರೆ 60 ಕ್ಯಾಲೊರಿ ಒಳಗೆ ಹೋಯಿತು. ಬೆಲ್ಲದ ಕ್ಯಾಲೊರಿ ಸಕ್ಕರೆಗೆ ಹತ್ತಿರ ಹತ್ತಿರ ಒಂದೇ. ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಕುಡಿದೆ ಅಂತ ಎರಡು ಲೋಟ ಜಾಸ್ತಿ ಕುಡಿಯಬಾರದು.

ಆದರೆ ಮಾತ್ರೆಗಳ ವಿಷಯ ಹಾಗೆ ಬಿಟ್ಟುಬಿಡುವಂಥದ್ದಲ್ಲ. ಅದರಲ್ಲಿ ಒಂದು ನಮ್ಮ ಕಾಡಿನಿಂದಲೇ ಹೋದದ್ದು. ಶಿರಸಿ, ಸಿದ್ದಾಪುರದ ಕಡೆಯವರಿಗೆ ಉಪ್ಪಾಗೆ ಗೊತ್ತು. ಮಳೆಗಾಲದಲ್ಲಿ ಹಣ್ಣಾಗುವ, ಸಣ್ಣ ಕುಂಬಳಕಾಯಿಯಂತೆ ಗೆರೆಗೆರೆಯಾದ ಹಳದಿ ಕಾಯಿ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಕೊಡಗಿನ ಕಾಚಂಪುಳಿಯೂ ಇದೇ ಹಣ್ಣಿನ ರಸ ಕುದಿಸಿ ಮಾಡಿದ್ದು, ಪಂದಿ ಕರಿಗೆ ಆ ಕಪ್ಪು ಬಣ್ಣ, ಆ ಹುಳಿ ಬರುವುದು ಅದರಿಂದ. ಇದರ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಅದು ಕೊಬ್ಬು ತಯಾರಾಗುವುದನ್ನು ತಡೆದಂತೆ ಕಂಡಿತು. ಅಷ್ಟೇ ಸಾಕಾಯಿತು. ಗಾರ್ಸಿನಿಯಾ ಕ್ಯಾಂಬೋಜಿಯಾ ಎಂಬ ಹೆಸರಿನಲ್ಲಿ ಪ್ರಪಂಚದ ತುಂಬ ಡಬ್ಬಿಗಳು ಬಂದವು.

1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಸರಿಯಾದ ಪರೀಕ್ಷೆ ನಡೆಯಿತು. ಅರ್ಧ ಜನರಿಗೆ ಉಪ್ಪಾಗೆ ಸಾರ, ಅರ್ಧ ಜನರಿಗೆ ಏನೂ ಇಲ್ಲದ ಸುಳ್ಳು ಮಾತ್ರೆ. ಎಲ್ಲರಿಗೂ ಒಂದೇ ಪಥ್ಯ. ಉಪ್ಪಾಗೆ ತಿಂದವರು ಸರಾಸರಿ 3.2 ಕೆಜಿ ಇಳಿದರು. ಸುಳ್ಳು ಮಾತ್ರೆಯವರು 4.1 ಕೆಜಿ. ಇಳಿಸಿದ್ದು ಪಥ್ಯ, ಮಾತ್ರೆ ಅಲ್ಲ. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಇಂಥ ಮಾತ್ರೆ ತಿಂದವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಇತ್ತ ನಮ್ಮ ಮಲೆನಾಡಿನಲ್ಲಿ ಮಳೆಯಲ್ಲೇ ಸಿಪ್ಪೆ ಒಣಗಿಸಬೇಕು, ಬಿಸಿಲು ಇರುವುದಿಲ್ಲ, ಹಾಗಾಗಿ ಕಾಡಿನ ಸೌದೆ ಉರಿಸಬೇಕು. ಕೆಲಸಕ್ಕೆ ಬಾರದ ಒಂದು ನಂಬಿಕೆಗೆ ಎಲ್ಲೋ ಒಬ್ಬರ ಲಿವರ್, ಇಲ್ಲಿ ಒಂದಷ್ಟು ಮರ. ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸಾರಿಗೆ ಹಾಕುವ ಹುಳಿಯಾಗಿ ಉಪ್ಪಾಗೆ ಎಷ್ಟು ಚೆನ್ನಾಗಿತ್ತು.

ಬೆವರಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬೇಸಿಗೆಯಲ್ಲೂ ಜಾಕೆಟ್ ಹಾಕಿಕೊಂಡು ಓಡುವವರನ್ನು, ಹೊಟ್ಟೆಗೆ ಬೆಲ್ಟ್ ಬಿಗಿದುಕೊಂಡು ನಡೆಯುವವರನ್ನು ಯಾವ ಪಾರ್ಕಿನಲ್ಲಾದರೂ ನೋಡಬಹುದು. ಬೆವರು ಅಂದರೆ ನೀರು ಮತ್ತು ಉಪ್ಪು. ಕೊಬ್ಬು ಹೋಗುವ ದಾರಿಯೇ ಬೇರೆ. 10 ಕೆಜಿ ಕೊಬ್ಬು ಕರಗಿದರೆ ಅದರಲ್ಲಿ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ, ಉಳಿದದ್ದು ನೀರಾಗುತ್ತದೆ. ಇನ್ನು ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯದ್ದೇ ಕೊಬ್ಬು ಕರಗುತ್ತದೆ ಎಂಬ ನಂಬಿಕೆ. 1971ರಲ್ಲೇ ಟೆನಿಸ್ ಆಟಗಾರರ ಎರಡೂ ತೋಳು ಅಳೆದು ನೋಡಿದ್ದಾರೆ. ಆಡುವ ತೋಳಿನ ಸ್ನಾಯು ದಪ್ಪವಾಗಿತ್ತು, ಚರ್ಮದ ಕೆಳಗಿನ ಕೊಬ್ಬಿನ ಪದರ ಎರಡರಲ್ಲೂ ಒಂದೇ.

ನಡಿಗೆಯಿಂದಲೇ ತೂಕ ಇಳಿಯುತ್ತದೆ ಎಂಬ ಲೆಕ್ಕವೂ ತಪ್ಪುತ್ತದೆ. 70 ಕೆಜಿ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು 130 ಕ್ಯಾಲೊರಿ ಆಸುಪಾಸು. ವಾಪಸ್ ಬರುವಾಗ ದರ್ಶಿನಿಯಲ್ಲಿ ಒಂದು ಉದ್ದಿನ ವಡೆ, ಒಂದು ಸಕ್ಕರೆ ಕಾಫಿ ಆದರೆ ಅದಕ್ಕಿಂತ ಜಾಸ್ತಿ ವಾಪಸ್ ಬಂತು. ಹಾಗಂತ ನಡೆಯುವುದು ಬೇಡ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಸಕ್ಕರೆ, ಬಿಪಿ, ನಿದ್ದೆ, ಮಂಡಿ ಎಲ್ಲದಕ್ಕೂ ಅದು ಬೇಕು. ಇಳಿದ ತೂಕ ಮತ್ತೆ ಏರದ ಹಾಗೆ ಹಿಡಿಯುವುದಕ್ಕಂತೂ ಬೇಕೇ ಬೇಕು. ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರಿಗೆ ಒಂದು ಮಾತು: ಆ ಸಂಖ್ಯೆ 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ಇಟ್ಟ ಹೆಸರಿನಿಂದ ಬಂದದ್ದು, ಯಾವ ವೈದ್ಯರೂ ಬರೆದುಕೊಟ್ಟದ್ದಲ್ಲ.

ಹೊತ್ತು ನೋಡಿ ತಿನ್ನುವ ಪದ್ಧತಿ, ಅಂದರೆ ದಿನದಲ್ಲಿ ಎಂಟು ಗಂಟೆಗಳ ಅವಧಿಯೊಳಗೆ ಊಟವನ್ನೆಲ್ಲ ಮುಗಿಸಿ ಉಳಿದ ಹದಿನಾರು ಗಂಟೆ ಉಪವಾಸ, ಈಗ ಎಲ್ಲೆಲ್ಲೂ ಇದೆ. 2022ರಲ್ಲಿ ಚೀನಾದಲ್ಲಿ 139 ಜನರ ಮೇಲೆ ಒಂದು ವರ್ಷ ಪರೀಕ್ಷಿಸಿದರು. ಎಲ್ಲರಿಗೂ ಒಂದೇ ಮಿತಿಯ ಕ್ಯಾಲೊರಿ ಊಟ, ಅರ್ಧ ಜನರಿಗೆ ಮಾತ್ರ ಹೊತ್ತಿನ ಕಟ್ಟುಪಾಡು. ಕೊನೆಗೆ ಇಳಿದ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಯಾರಿಗೆ ಅನುಕೂಲವೋ ಅವರು ಮಾಡಲಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಸುಮ್ನೆ ಶುರು ಮಾಡಬಾರದು. ಸಕ್ಕರೆ ದಿಢೀರ್ ಇಳಿದರೆ ಪ್ರಾಣಕ್ಕೇ ಅಪಾಯ.

ಈಗ ಅಕ್ಕ ಹೇಳಿದ ಆ ಮಾತಿಗೆ ಬರುತ್ತೇನೆ. ನಾಲಿಗೆ ಮೇಲೆ ಹಿಡಿತ ಇಲ್ಲ ಅಂದಳಲ್ಲ, ಅದಕ್ಕೆ.

ತೂಕ ಇಳಿದಾಗ ದೇಹ ಅದನ್ನು ಗೆಲುವು ಅಂತ ನೋಡುವುದಿಲ್ಲ. ಬರಗಾಲ ಬಂತು ಅಂದುಕೊಳ್ಳುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನರಿಗೆ ಹತ್ತು ವಾರ ಬಹಳ ಕಡಿಮೆ ಕ್ಯಾಲೊರಿಯ ಪಥ್ಯ ಕೊಟ್ಟು ತೂಕ ಇಳಿಸಿ, ಒಂದು ವರ್ಷದ ನಂತರ ಮತ್ತೆ ರಕ್ತ ಪರೀಕ್ಷೆ ಮಾಡಿದರು. 2011ರಲ್ಲಿ ಅದು ಪ್ರಕಟವಾಯಿತು. ಒಂದು ವರ್ಷ ಕಳೆದರೂ ಹಸಿವು ಹೆಚ್ಚಿಸುವ ಹಾರ್ಮೋನ್ ಮೇಲೇ ಇತ್ತು, ಹೊಟ್ಟೆ ತುಂಬಿತು ಅಂತ ಹೇಳುವ ಹಾರ್ಮೋನ್‌ಗಳು ಕೆಳಗೇ ಇದ್ದವು. ಅಮೆರಿಕದ ಒಂದು ಟಿವಿ ಸ್ಪರ್ಧೆಯಲ್ಲಿ ಭಾರೀ ತೂಕ ಇಳಿಸಿದ 14 ಜನರನ್ನು ಆರು ವರ್ಷದ ನಂತರ ಇದೇ ಕೆವಿನ್ ಹಾಲ್ ಅವರ ತಂಡ ಪರೀಕ್ಷಿಸಿತು. ಬಹುತೇಕರ ತೂಕ ಮತ್ತೆ ಏರಿತ್ತು. ಆದರೂ ಅವರ ದೇಹ ಸುಮ್ಮನೆ ಕೂತಾಗ ಖರ್ಚು ಮಾಡುತ್ತಿದ್ದ ಶಕ್ತಿ, ಅವರ ಗಾತ್ರಕ್ಕೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ಎಷ್ಟು ಬೇಗ, ಎಷ್ಟು ಜಾಸ್ತಿ ಇಳಿಸಿದರೆ ಅಷ್ಟು ಒಳ್ಳೆಯದು ಅನ್ನುವವರು ಇದನ್ನು ಒಂದು ಸಲ ಓದಬೇಕು. ಅಕ್ಕ ಸೋತದ್ದು ಬಜ್ಜಿಯ ಮುಂದೆ ಅಲ್ಲ. ಬರಗಾಲದಲ್ಲಿ ನಮ್ಮ ಹಿರಿಯರನ್ನು ಕಾಪಾಡಿದ ಅದೇ ವ್ಯವಸ್ಥೆ ಅವಳ ಒಳಗೆ ಕೆಲಸ ಮಾಡುತ್ತಿತ್ತು.

ವಯಸ್ಸಾಯಿತು, ಮೆಟಬಾಲಿಸಂ ನಿಧಾನವಾಯಿತು ಅನ್ನುವುದೂ ಪೂರ್ತಿ ನಿಜವಲ್ಲ. 2021ರಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಂಕಿಗಳನ್ನು ಸೇರಿಸಿ ನೋಡಿದಾಗ, ದೇಹದ ಗಾತ್ರಕ್ಕೆ ಹೋಲಿಸಿದ ಶಕ್ತಿಯ ಖರ್ಚು 20ರಿಂದ 60 ವರ್ಷದವರೆಗೆ ಹೆಚ್ಚು ಕಡಿಮೆ ಒಂದೇ ಸಮ ಇತ್ತು. ನಲವತ್ತರ ನಂತರ ಬದಲಾಗುವುದು ನಮ್ಮ ಓಡಾಟ, ನಿದ್ದೆ, ಸ್ನಾಯು. ಥೈರಾಯ್ಡ್ ಕೂಡ ಅಷ್ಟೇ. ಅದು ಕಡಿಮೆಯಾದರೆ ಸಾಮಾನ್ಯವಾಗಿ ಏರುವುದು ಎರಡರಿಂದ ಐದು ಕೆಜಿ, ಅದರಲ್ಲೂ ಹೆಚ್ಚಿನದು ಉಪ್ಪು ಮತ್ತು ನೀರು. ಮಾತ್ರೆ ತಪ್ಪಿಸಬಾರದು. ಇಪ್ಪತ್ತು ಕೆಜಿಗೆ ಅದೊಂದನ್ನೇ ಕಾರಣ ಮಾಡಿದರೆ ಬೇರೆ ಕಾರಣಗಳು ಹಾಗೇ ಉಳಿಯುತ್ತವೆ.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಈಗ ಎರಡು ಸುಳ್ಳು ಓಡಾಡುತ್ತಿವೆ. 2025ರ ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವೆಗೋವಿ ಭಾರತಕ್ಕೆ ಬಂದವು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್‌ನ ಪೇಟೆಂಟ್ ನಮ್ಮ ದೇಶದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಅಲ್ಲಿಂದ ಮುಂದೆ ಅಗ್ಗದ ಔಷಧಿಗೆ ದಾರಿ ತೆರೆಯುತ್ತದೆ. ಮೊದಲ ಸುಳ್ಳು, ಇದು ಸೋಮಾರಿಗಳ ದಾರಿ ಅನ್ನುವುದು. ನಾನು ಮೇಲೆ ಹೇಳಿದ ಆ ಹಸಿವಿನ ಸಂಕೇತಗಳ ಮೇಲೇ ಈ ಔಷಧಿ ಕೆಲಸ ಮಾಡುತ್ತದೆ. ಬಿಪಿ ಮಾತ್ರೆ ನುಂಗುವವರನ್ನು ಯಾರೂ ಸೋಮಾರಿ ಅನ್ನುವುದಿಲ್ಲ ಅಲ್ವಾ? ಎರಡನೇ ಸುಳ್ಳು, ನಾಲ್ಕು ತಿಂಗಳು ಚುಚ್ಚಿಸಿಕೊಂಡು ಬಿಟ್ಟರೆ ಆಯಿತು ಅನ್ನುವುದು. ಸೆಮಾಗ್ಲುಟೈಡ್ ಪರೀಕ್ಷೆಯಲ್ಲಿ 68 ವಾರಕ್ಕೆ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಯಿತು. ನಿಲ್ಲಿಸಿದ ಒಂದು ವರ್ಷಕ್ಕೆ ಇಳಿದದ್ದರಲ್ಲಿ ಮೂರನೇ ಎರಡು ಪಾಲು ಮರಳಿ ಬಂತು. ಮಗಳ ಮದುವೆಗೆ ಎರಡು ತಿಂಗಳಿದೆ ಅಂತ, ವೈದ್ಯರ ಚೀಟಿ ಇಲ್ಲದೆ ಕೇಳಿಕೊಂಡು ತೆಗೆದುಕೊಳ್ಳುವ ಔಷಧಿ ಅಲ್ಲ ಅದು.

ಸಣ್ಣಗಿದ್ದವರು ನನಗೇನೂ ಇಲ್ಲ ಅಂದುಕೊಳ್ಳುವುದು ಇದರ ಇನ್ನೊಂದು ಮುಖ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ ಜೊತೆಯಾಗಿ ನಿಂತ ಒಂದು ಫೋಟೋ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕದ ಸೂಚಿ, ಅಂದರೆ ಬಿಎಂಐ, ಇಬ್ಬರದ್ದೂ 22.3. ಆದರೆ ದೇಹದಲ್ಲಿದ್ದ ಕೊಬ್ಬು ಯಡ್ಕಿನ್ ಅವರಲ್ಲಿ ನೂರಕ್ಕೆ 9, ಯಾಜ್ಞಿಕ್ ಅವರಲ್ಲಿ 21. ನಮ್ಮವರು ಸಣ್ಣಗೆ ಕಂಡರೂ ಒಳಗೆ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ಅದಕ್ಕೇ ನಮಗೆ ಬಿಎಂಐ 23 ದಾಟಿದರೆ ಎಚ್ಚರಿಕೆ, ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಮಿತಿ.

ತೂಕ ಇಳಿಯದಿದ್ದರೆ ಮಾಡಿದ್ದೆಲ್ಲ ವ್ಯರ್ಥ ಅನ್ನುವ ಭಾವನೆಯೇ ಬಹಳ ಜನರನ್ನು ಅರ್ಧ ದಾರಿಯಲ್ಲಿ ನಿಲ್ಲಿಸುತ್ತದೆ. ಚೆನ್ನೈನ ವೈದ್ಯ ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಧೈರ್ಯ ಕೊಟ್ಟದ್ದು ಅದಕ್ಕೇ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನ. ಏನೂ ವಿಶೇಷ ಮಾಡದ ಗುಂಪಿನಲ್ಲಿ ಮೂರು ವರ್ಷಕ್ಕೆ ನೂರಕ್ಕೆ 55 ಜನರಿಗೆ ಕಾಯಿಲೆ ಬಂತು. ಊಟ ತಿದ್ದಿಕೊಂಡು ನಡೆದವರಲ್ಲಿ 39. ಅವರ ತೂಕ ಹೇಳುವಷ್ಟು ಇಳಿದಿರಲಿಲ್ಲ. ಮೆಷಿನ್‌ಗೆ ಕಾಣದ್ದು ರಕ್ತದಲ್ಲಿ ಆಗಿತ್ತು.

ಅಕ್ಕ ಈಗ ಮೆಷಿನ್ ಮಂಚದ ಕೆಳಗೆ ತಳ್ಳಿದ್ದಾಳೆ. ನಾನು ಹೇಳಿಕೊಟ್ಟಂತೆ ಹೂ ಕಟ್ಟುವ ದಾರವನ್ನು ತನ್ನ ಎತ್ತರಕ್ಕೆ ಕತ್ತರಿಸಿ, ಎರಡು ಮಡಿಕೆ ಮಾಡಿ ಹೊಟ್ಟೆಗೆ ಸುತ್ತಿ ನೋಡುತ್ತಾಳೆ. ಎತ್ತರದ ಅರ್ಧಕ್ಕಿಂತ ಸೊಂಟ ಕಡಿಮೆ ಇರಬೇಕು, ಅಂದರೆ ದಾರದ ತುದಿಗಳು ಕೂಡಬೇಕು. ಸಾರಿಗೆ ಎರಡು ಲೋಟ ಬೇಳೆ ಹಾಕುತ್ತಾಳೆ. ಅನ್ನ ಬಿಟ್ಟಿಲ್ಲ, ಒಂದು ಸೌಟು ಕಡಿಮೆ ಮಾಡಿದ್ದಾಳೆ. ಸಂಜೆ ಭಾವನ ಜೊತೆ ಕೆರೆ ಏರಿ ಮೇಲೆ ನಡೆಯುತ್ತಾಳೆ. ಎಂಟು ತಿಂಗಳ ಹಿಂದೆ ದಾರದ ತುದಿಗಳ ನಡುವೆ ಆರು ಬೆರಳು ಜಾಗ ಇತ್ತು. ಹೋದ ವಾರ ನಾನು ಹೋದಾಗ ನಾಲ್ಕು ಬೆರಳು. ಗ್ರೂಪಿನಲ್ಲಿ ಫೋಟೋ ಹಾಕಿಲ್ಲ. ದಾರವನ್ನು ದೇವರ ಮನೆಯ ಮೊಳೆಗೆ, ಹೂವಿನ ದಾರದ ಉಂಡೆಯ ಪಕ್ಕ ನೇತುಹಾಕಿದ್ದಾಳೆ.